ಕುದುರೆಗೂ ಒಂದು ದಾರಿ ಬೇಕು: ಪಶುಸಂಗೋಪನೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಪಶುಸಂಗೋಪನೆ ಸಚಿವರಿಗೆ, ಹೊಸದಿಲ್ಲಿ
ಮಾನ್ಯ ಪಶುಸಂಗೋಪನೆ ಸಚಿವರಿಗೆ, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಹೊರದೇಶಕ್ಕೆ ಹೋಗಿ ನೆಲೆಸುವವರು ತಮ್ಮ ಕುದುರೆಯನ್ನು ಜೊತೆಗೆ ಕರೆದೊಯ್ಯಲು ದಾರಿ ಇಲ್ಲದಿರುವ ಬಗ್ಗೆ

ಮಾನ್ಯರೇ,

ಈ ಪತ್ರ ಒಂದು ಕುದುರೆಯ ಬಗ್ಗೆ. ದಯವಿಟ್ಟು ನಗಬೇಡಿ. ಇದುವರೆಗೆ ನಾನು ಮೆಟ್ಟಿಲು ಹತ್ತಿದ ಕಚೇರಿಗಳಲ್ಲೆಲ್ಲ ಮೊದಲು ಸಿಕ್ಕಿದ್ದು ನಗುವೇ. ಆಮೇಲೆ ಸಿಕ್ಕಿದ್ದು ಇನ್ನೊಂದು ಕಚೇರಿಯ ವಿಳಾಸ.

ನನಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿದೆ. ಗಂಡ, ಮಗಳು, ಪುಸ್ತಕ, ಮಿಕ್ಸಿ, ಎಲ್ಲದಕ್ಕೂ ಹೋಗುವ ದಾರಿ ಇದೆ. ಇಲ್ಲದಿರುವುದು ಕಿಟ್ಟಿಗೆ ಮಾತ್ರ. ಕಿಟ್ಟಿ ರೇಸ್‌ಗೆಂದೇ ಹುಟ್ಟಿದ ಥರೋಬ್ರೆಡ್ ಗಂಡು ಕುದುರೆ. ಓಟದ ದಾಖಲೆಯಲ್ಲಿ ಅವನಿಗೊಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ಲಾಯದಲ್ಲಿ ಆ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ, ಕಿಟ್ಟಿ ಅಂದರು, ಅದೇ ಉಳಿಯಿತು. ಓಡುವುದು ನಿಂತ ಮೇಲೆ ರೇಸ್ ಕುದುರೆಗಳು ಏನಾಗುತ್ತವೆ ಅನ್ನುವುದು ನಿಮ್ಮ ಇಲಾಖೆಗೆ ಗೊತ್ತಿಲ್ಲದ್ದೇನಲ್ಲ. ಕೆಲವು ಸವಾರಿ ಶಾಲೆ ಸೇರುತ್ತವೆ. ಕೆಲವು ಮದುವೆ ಮೆರವಣಿಗೆಗೆ ಹೋಗುತ್ತವೆ. ಇನ್ನು ಕೆಲವು ಎಲ್ಲಿಗೆ ಹೋದವು ಅಂತ ಯಾರೂ ಬರೆದಿಡುವುದಿಲ್ಲ. ಹಾಗೆ ಕಳೆದುಹೋಗಬೇಕಿದ್ದ ಒಂದನ್ನು ನಾನು ತಂದು ಸಾಕಿದೆ. ಹುರುಳಿ, ಹುಲ್ಲು, ಲಾಳ, ಡಾಕ್ಟರ್, ಕುದುರೆ ನೋಡಿಕೊಳ್ಳುವ ಸೈಸ್‌ನ ಸಂಬಳ, ಎಲ್ಲ ನನ್ನದೇ. ಇದಕ್ಕೆ ಸರ್ಕಾರದಿಂದ ಒಂದು ರೂಪಾಯಿ ಕೇಳಿಲ್ಲ, ಈಗಲೂ ಕೇಳುತ್ತಿಲ್ಲ.

ಕೇಳಿದ್ದು ಒಂದೇ ಪ್ರಶ್ನೆ: ಇವನನ್ನು ನನ್ನ ಜೊತೆ ಕರೆದುಕೊಂಡು ಹೋಗಲು ಏನು ಮಾಡಬೇಕು?

ಒಂದು ಕಡೆ ಹೇಳಿದರು, ಸಾಕುಪ್ರಾಣಿ ಅಂದರೆ ನಾಯಿ, ಬೆಕ್ಕು ಮೇಡಂ, ಕುದುರೆ ಜಾನುವಾರು, ಅದರ ಫೈಲ್ ಬೇರೆ. ಆ ಬೇರೆ ಫೈಲ್ ಹುಡುಕಿಕೊಂಡು ಹೋದರೆ ಅಲ್ಲಿ ಕೇಳಿದ್ದು, ನೀವು ರಫ್ತುದಾರರಾ, ನಿಮ್ಮ ಕಂಪನಿ ಯಾವುದು? ನಾನು ಕುದುರೆ ಮಾರುತ್ತಿಲ್ಲ, ನನ್ನದೇ ಕುದುರೆ ಅಂದರೆ, ಹಾಗಾದರೆ ಸಾಕುಪ್ರಾಣಿಯ ಕಡೆ ವಿಚಾರಿಸಿ ಅಂದರು. ಮೂರನೆಯವರು ನೇರವಾಗಿ ಹೇಳಿದರು, ಮೊದಲು ಆ ದೇಶ ಒಪ್ಪಲಿ, ಆಮೇಲೆ ಬನ್ನಿ. ನಡುವೆ ಒಬ್ಬ ಏಜೆಂಟ್ ಸಿಕ್ಕಿ ಮುಂಗಡ ತೆಗೆದುಕೊಂಡ. ಅವನಿಗೆ ಗೊತ್ತಿದ್ದದ್ದು ಸೋಫಾ, ಮಂಚ ಸಾಗಿಸುವ ಕೆಲಸ ಅಂತ ತಡವಾಗಿ ತಿಳಿಯಿತು. ಇಷ್ಟೂ ಜನರಲ್ಲಿ ಒಬ್ಬರಾದರೂ ಕಾಗದದ ಮೇಲೆ ಏನನ್ನೂ ಬರೆದುಕೊಡಲಿಲ್ಲ. ಬಾಯಲ್ಲಿ ಮಾತ್ರ ಒಂದು ಸಲಹೆ ಎಲ್ಲರಿಂದಲೂ ಬಂತು: "ಸುಮ್ನೆ ಮಾರಿಬಿಡಿ ಮೇಡಂ, ಅಲ್ಲೇ ಒಂದು ತಗೊಳ್ಳಿ."

ಮಾನ್ಯರೇ, ಆಸ್ಟ್ರೇಲಿಯಾದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ನಿಯಮ ಕಠಿಣ, ಆದರೆ ಸ್ಪಷ್ಟ. ಅವರ ಬಳಿ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿರುವ ದೇಶಗಳಿಂದ ಮಾತ್ರ ಕುದುರೆ ಬರಬಹುದು. ಹೊರಡುವ ಮುಂಚೆ ಅಲ್ಲಿ ಕ್ವಾರಂಟೈನ್. ಇಳಿದ ಮೇಲೆ ಮೆಲ್ಬರ್ನ್ ಹತ್ತಿರದ ಮಿಕಲ್‌ಹ್ಯಾಮ್‌ನಲ್ಲಿ ಮತ್ತೆ ಕ್ವಾರಂಟೈನ್. (ಕೋವಿಡ್ ಬಂದ ಮೇಲೆ ಈ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಅಷ್ಟು ಉಪಕಾರವಾಯಿತು.) ಅವರು ಹೀಗೆ ಹೆದರುವುದಕ್ಕೆ ಕಾರಣವೂ ಇದೆ. 2007ರಲ್ಲಿ ಹೊರಗಿನಿಂದ ಬಂದ ಕುದುರೆಯಿಂದ ಅಲ್ಲಿ ಕುದುರೆ ಫ್ಲೂ ಹಬ್ಬಿತು. ಕ್ವಾರಂಟೈನ್ ಕೇಂದ್ರದಿಂದಲೇ ಸೋಂಕು ತಪ್ಪಿಸಿಕೊಂಡಿತ್ತು. ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲೆಂಡ್‌ಗಳಲ್ಲಿ ಸಾವಿರಾರು ಲಾಯಗಳಿಗೆ ತಗುಲಿತು. ರೇಸ್‌ಗಳು ನಿಂತವು. ಅದಕ್ಕೂ ಹಿಂದೆ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಕೂಡ ಅವರು ನಿಯಮ ಸಡಿಲಿಸಲಿಲ್ಲ. ಉಳಿದ ಆಟಗಳೆಲ್ಲ ಮೆಲ್ಬರ್ನ್‌ನಲ್ಲಿ, ಕುದುರೆ ಸ್ಪರ್ಧೆಗಳು ಮಾತ್ರ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ನಡೆದವು. ಒಲಿಂಪಿಕ್ಸ್‌ಗೇ ಬಗ್ಗದವರು ನನ್ನ ಕಿಟ್ಟಿಗೆ ಬಗ್ಗುತ್ತಾರಾ?

ಆ ಪಟ್ಟಿಯಲ್ಲಿ ಭಾರತದ ಹೆಸರು ಇಲ್ಲ. ನನ್ನ ದೂರು ಇರುವುದು ಇಲ್ಲಿ.

ಕಿಟ್ಟಿಯ ರಕ್ತ ಪರೀಕ್ಷೆ ಮಾಡಿಸಿದೆ. ಗ್ಲ್ಯಾಂಡರ್ಸ್ ಇಲ್ಲ. ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಇಲ್ಲ. ಸರ್ರಾ ಇಲ್ಲ. ರಕ್ತ ಹೀರುವ ಉಣುಗು ಕಚ್ಚಿ ಬರುವ ಪೈರೋಪ್ಲಾಸ್ಮೋಸಿಸ್ ಕೂಡ ಇಲ್ಲ. ಈ ಕೊನೆಯದು ನಮ್ಮ ಕಡೆಯ ಕುದುರೆಗಳಲ್ಲಿ ಜಾಸ್ತಿ. ಒಮ್ಮೆ ತಗುಲಿದರೆ ಎಷ್ಟೋ ಕುದುರೆಗಳ ರಕ್ತದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನೋಡಲು ಗಟ್ಟಿಮುಟ್ಟಾಗಿರುತ್ತವೆ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಕಿಟ್ಟಿ ಅದರಲ್ಲೂ ಪಾಸಾದ. ಆದರೆ ಆ ವರದಿಗಳನ್ನು ಯಾರಿಗೆ ಕೊಡಲಿ? ಪ್ರಾಣಿ ಚೆನ್ನಾಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆ ಏಳುವುದು ದೇಶದ ಹೆಸರು ಪಟ್ಟಿಯಲ್ಲಿದ್ದರೆ ಮಾತ್ರ.

ಇನ್ನೊಂದು ದಾರಿ ಇದೆ ಅಂತ ತಿಳಿದವರು ಹೇಳಿದರು. ಕುದುರೆಯನ್ನು ಮೊದಲು ಆಸ್ಟ್ರೇಲಿಯಾ ಒಪ್ಪಿದ ಬೇರೊಂದು ದೇಶಕ್ಕೆ ಕಳಿಸಬೇಕು. ಅಲ್ಲಿ ತಿಂಗಳುಗಟ್ಟಲೆ ಇಟ್ಟು, ಅಲ್ಲಿಯ ಕುದುರೆ ಅನ್ನಿಸಿಕೊಂಡ ಮೇಲೆ ಮುಂದಕ್ಕೆ ಹೊರಡಿಸಬೇಕು. ನಾಯಿ ಸಾಕಿದವರು ಹೀಗೆ ಮಾಡುವುದುಂಟು. ಆದರೆ ಆ ನಡುವಿನ ದೇಶವೂ ಮೊದಲು ಭಾರತದ ಕುದುರೆಯನ್ನು ಒಳಗೆ ಬಿಡಬೇಕಲ್ಲ! ಬಿಟ್ಟರೂ ಎರಡು ವಿಮಾನ, ಎರಡು ಕ್ವಾರಂಟೈನ್, ತಿಂಗಳುಗಟ್ಟಲೆ ಲಾಯದ ಬಾಡಿಗೆ. ಸಂಬಳದಲ್ಲಿ ಬದುಕುವವರ ಕೈಗೆ ಎಟುಕುವ ಮಾತಲ್ಲ.

ಕುದುರೆ ವಿಮಾನದಲ್ಲಿ ಹೋಗುವುದೇ ದೊಡ್ಡ ವಿಚಿತ್ರ ಅಂತ ಅನೇಕರು ಅಂದುಕೊಂಡಿದ್ದಾರೆ. ಹೊರಗಿನ ಪ್ರಪಂಚಕ್ಕೆ ಇದು ದಿನನಿತ್ಯದ ಕೆಲಸ. ಸರಕು ವಿಮಾನದೊಳಗೆ ಇಡಲು ಕುದುರೆಗೆಂದೇ ಮಾಡಿದ ಪೆಟ್ಟಿಗೆಗಳಿವೆ. ಒಂದೊಂದರಲ್ಲಿ ಸಾಮಾನ್ಯವಾಗಿ ಮೂರು ಕುದುರೆ ನಿಲ್ಲುತ್ತವೆ. ದುಡ್ಡು ಜಾಸ್ತಿ ಕೊಟ್ಟರೆ ಎರಡೇ ನಿಲ್ಲಿಸಿ ಜಾಗ ಹೆಚ್ಚು ಕೊಡುತ್ತಾರೆ, ನಮ್ಮ ಬಿಸಿನೆಸ್ ಕ್ಲಾಸ್ ಇದ್ದ ಹಾಗೆ. ಇಳಿಜಾರು ಹಲಗೆಯ ಮೇಲೆ ನಡೆಸಿಕೊಂಡು ಹೋಗಿ ಹತ್ತಿಸುತ್ತಾರೆ. ಆಮೇಲೆ ಪೆಟ್ಟಿಗೆಯನ್ನೇ ವಿಮಾನದೊಳಕ್ಕೆ ಎತ್ತುತ್ತಾರೆ. ನೋಡಿಕೊಳ್ಳಲು ಪಳಗಿದ ಸೈಸ್‌ಗಳು ಜೊತೆಗೆ ಹೋಗುತ್ತಾರೆ. ಮುಂದೆ ಒಣಹುಲ್ಲಿನ ಬಲೆ, ಆಗಾಗ ನೀರು. ವಿಮಾನ ಏರುವಾಗ, ಇಳಿಯುವಾಗ ಮೈಭಾರ ಸರಿದೂಗಿಸಿಕೊಂಡು ಅವು ನಿಂತೇ ಇರುತ್ತವೆ.

ಅಪಾಯ ಇರುವುದು ಬೇರೆ ಕಡೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ನೀರು ಕಡಿಮೆಯಾಗಿ ಹೊಟ್ಟೆನೋವು ಬಂದರೆ ಜೀವಕ್ಕೇ ಕುತ್ತು. ಇನ್ನೊಂದು, ತಲೆ ಮೇಲಕ್ಕೆ ಕಟ್ಟಿಸಿಕೊಂಡು ಗಂಟೆಗಟ್ಟಲೆ ನಿಂತರೆ ಶ್ವಾಸಕೋಶಕ್ಕೆ ಸೋಂಕು ಇಳಿಯುತ್ತದೆ. ಕುದುರೆ ತಲೆ ತಗ್ಗಿಸಿದಾಗ ತಾನೇ ಮೂಗಿನ ಕೊಳೆ ಹೊರಗೆ ಬರುವುದು? ಹಾಗಾಗಿ ದಾರಿ ಉದ್ದವಾದಷ್ಟೂ, ಕಾಯುವುದು ಜಾಸ್ತಿಯಾದಷ್ಟೂ ಅಪಾಯ ಏರುತ್ತದೆ. ಕುದುರೆ ಸಾಗಿಸುವುದರಲ್ಲಿ ಕಾಗದದ ಕೆಲಸ ಸರಿಯಿದ್ದರೆ ಅರ್ಧ ವೈದ್ಯಕೀಯ ಮುಗಿದ ಹಾಗೆ ಅಂತ ನಮ್ಮ ಡಾಕ್ಟರ್ ಹೇಳುತ್ತಿರುತ್ತಾರೆ. ನಮ್ಮಲ್ಲಿ ಕೆಟ್ಟಿರುವುದು ಆ ಕಾಗದದ ಕೆಲಸವೇ.

ಕುದುರೆ ಸಮುದ್ರ ದಾಟುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ವಿಜಯನಗರದ ಸೈನ್ಯಕ್ಕೆ ಹೊರ್ಮುಜ್ ಕಡೆಯಿಂದ ಹಡಗಿನಲ್ಲಿ ಕುದುರೆ ಬರುತ್ತಿದ್ದವು. ಭಟ್ಕಳದಂಥ ನಮ್ಮ ಬಂದರುಗಳಲ್ಲಿ ಇಳಿಯುತ್ತಿದ್ದವು. ಸಾಳುವ ನರಸಿಂಹ ಕುದುರೆಗಳನ್ನು ಜೀವಂತ ಬಂದರೂ ಸರಿ, ಸತ್ತರೂ ಸರಿ ಅಂತ ಕೊಳ್ಳುತ್ತಿದ್ದನಂತೆ. ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ದುಡ್ಡು ಎಣಿಸುತ್ತಿದ್ದ. ಇದನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ವ್ಯಾಪಾರಿಗಳು ಇದನ್ನು ಹೇಗೆಲ್ಲ ದುರುಪಯೋಗ ಮಾಡಿಕೊಂಡಿರಬಹುದು ಅಂತ ನಾನು ಊಹಿಸಬಲ್ಲೆ. ಅದಿರಲಿ. ಆಮೇಲೆ ಬ್ರಿಟಿಷರ ಕಾಲದಲ್ಲಿ ಇದೇ ಆಸ್ಟ್ರೇಲಿಯಾದಿಂದ ಹಡಗು ಹಡಗು ಕುದುರೆ ಭಾರತದ ಸೈನ್ಯಕ್ಕೆ ಬಂದವು. ನ್ಯೂ ಸೌತ್ ವೇಲ್ಸ್‌ನಿಂದ ಬಂದವು ಅಂತ ಅವಕ್ಕೆ ವೇಲರ್ ಅನ್ನುವ ಹೆಸರೇ ಬಿತ್ತು. 1914ರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವಪಡೆಯವರು ಕುದುರೆ ಸಮೇತ ಈಜಿಪ್ಟಿಗೆ ಹೋದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಸವಾರರಲ್ಲಿ ಅವರೂ ಇದ್ದರು.

ಹೋದ ಕುದುರೆ ವಾಪಸ್ ಬರುವ ಮಾತು ಬಂದಾಗ ಮಾತ್ರ ಆಸ್ಟ್ರೇಲಿಯಾ ಸರ್ಕಾರಕ್ಕೆ ಆಸಕ್ತಿ ಇರಲಿಲ್ಲ. ಮೊದಲ ಮಹಾಯುದ್ಧಕ್ಕೆ ಆಸ್ಟ್ರೇಲಿಯಾ ಲಕ್ಷಕ್ಕೂ ಮೇಲ್ಪಟ್ಟು ಕುದುರೆಗಳನ್ನು ಹೊರಗೆ ಕಳಿಸಿತು. ಮನೆಗೆ ಮರಳಿದ್ದು ಒಂದೇ ಒಂದು. ಹೆಸರು ಸ್ಯಾಂಡಿ, ಗಲಿಪೊಲಿ ಯುದ್ಧದಲ್ಲಿ ಗಾಯಗೊಂಡು ಸತ್ತ ಆಸ್ಟ್ರೇಲಿಯಾದ ಜನರಲ್ ಬ್ರಿಜಸ್ ಅವರ ಕುದುರೆ. ಖರ್ಚು ಮತ್ತು ರೋಗದ ಭಯ, ಈ ಎರಡು ಕಾರಣಕ್ಕೆ ಉಳಿದವನ್ನು ಅಲ್ಲಲ್ಲೇ ಮಾರಿದರು, ಬೇರೆ ಸೈನ್ಯಕ್ಕೆ ಕೊಟ್ಟರು, ಎಷ್ಟನ್ನೋ ಗುಂಡಿಕ್ಕಿ ಕೊಂದರು. ಸವಾರ ಒಂದು ಕಡೆ, ಕುದುರೆ ಒಂದು ಕಡೆ. ನೂರು ವರ್ಷ ದಾಟಿದ ಮೇಲೂ ನನಗೆ ಸಿಗುತ್ತಿರುವ ಸಲಹೆ ಅದೇ ಅಲ್ವಾ?

ನೀವು ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಆಫ್ರಿಕನ್ ಕುದುರೆ ರೋಗ ಅನ್ನುವ ಮಾರಿ 1960ರಲ್ಲಿ ನಮ್ಮ ದೇಶಕ್ಕೂ ಕಾಲಿಟ್ಟಿತ್ತು. ಈಗ ದಶಕಗಳಿಂದ ಅದು ಇಲ್ಲ. 2014ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಮಾನ್ಯತೆಯೂ ಸಿಕ್ಕಿತು. 2025ರ ಜುಲೈನಲ್ಲಿ ಮೀರತ್‌ನ ಸೈನ್ಯದ ಪಶುವೈದ್ಯ ಕೇಂದ್ರದಲ್ಲಿರುವ ರೋಗಮುಕ್ತ ಆವರಣವನ್ನು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. ಗೋಡೆ, ಬೇಲಿ, ಸ್ನಾನ, ಬಟ್ಟೆ ಬದಲಾವಣೆ, ನೊಣ-ಸೊಳ್ಳೆ ತಡೆ, ನಿರಂತರ ರಕ್ತ ಪರೀಕ್ಷೆ, ಇಷ್ಟು ಬಿಗಿ ಇದ್ದರೆ ದೇಶದ ಉಳಿದ ಭಾಗದಲ್ಲಿ ರೋಗ ಇದ್ದರೂ ಆ ಆವರಣದ ಕುದುರೆಯನ್ನು ಹೊರಗಿನವರು ನಂಬಬಹುದು. ದೊಡ್ಡ ಕೆಲಸ. ಅಭಿನಂದನೆ.

ಆದರೆ ಅದು ಮೀರತ್, ಸೈನ್ಯದ ಜಾಗ. ಬೆಂಗಳೂರಿನ ಹೆಂಗಸೊಬ್ಬಳು ತನ್ನ ಕುದುರೆ ಹಿಡಿದುಕೊಂಡು ಅಲ್ಲಿಗೆ ಹೋಗಿ ಬಾಗಿಲು ತಟ್ಟಬಹುದೇ? ತಟ್ಟಿದರೆ ಯಾರು ತೆರೆಯುತ್ತಾರೆ, ಎಷ್ಟು ಶುಲ್ಕ, ಎಷ್ಟು ದಿನ? ಇದನ್ನು ಕೂಡ ಕೇಳಿ ನೋಡಿದೆ. ಮತ್ತೆ ಅದೇ ನಗು.

ನನ್ನಂಥವರ ಮಾತು ಬಿಡಿ, ದೇಶಕ್ಕೆ ಪದಕ ತಂದವರಿಗೂ ಇದೇ ಕಷ್ಟ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಡ್ರೆಸಾಜ್ ತಂಡ ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ ಭಾರತಕ್ಕೆ 41 ವರ್ಷದ ನಂತರ ಬಂದ ಚಿನ್ನ ಅದು. ಸವಾರರು ಭಾರತದವರು, ಕುದುರೆಗಳು ಯುರೋಪಿನ ಲಾಯದಲ್ಲಿದ್ದವು. ಭಾರತದಿಂದ ಹೊರಡಿಸಲು ದಾರಿ ಇಲ್ಲ ಅಂತ ಆ ಎಳೆಯರು ಮನೆಮಠ ಬಿಟ್ಟು ವರ್ಷಗಟ್ಟಲೆ ಅಲ್ಲೇ ಇರಬೇಕಾಯಿತು. ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ತನಕ ಹೋದರು. ಅವರೂ ತಯಾರಾದದ್ದು ಜರ್ಮನಿಯಲ್ಲಿ. ಅಷ್ಟು ದುಡ್ಡು, ಅಷ್ಟು ಪ್ರಾಯೋಜಕರು ಇಲ್ಲದ ಹುಡುಗ ಹುಡುಗಿಯರು ಏನು ಮಾಡಬೇಕು?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇದು ನಿಮಗೆ ಶ್ರೀಮಂತರ ಗೋಳು ಅನ್ನಿಸಬಹುದು. ಓಡಾಡಿ, ಓದಿ, ಕೇಳಿ ನನಗೆ ಅರ್ಥವಾದದ್ದು ಇದರ ತದ್ವಿರುದ್ಧ. ಕಿಟ್ಟಿಗೆ ಗೇಟು ಮುಚ್ಚಿರುವುದು ಬಡವನ ಕುದುರೆಯನ್ನು ಯಾರೂ ನೋಡದೇ ಇರುವುದರಿಂದ. 2008ರಲ್ಲಿ ನಮ್ಮ ದೇಶದಲ್ಲಿ ಹಬ್ಬಿದ ಕುದುರೆ ಫ್ಲೂ ಮೊದಲು ಕಾಣಿಸಿದ್ದು ಜಮ್ಮುವಿನ ಕತ್ರಾದಲ್ಲಿ, ಯಾತ್ರಿಕರನ್ನು ಹೊರುವ ಕುದುರೆ, ಹೇಸರಗತ್ತೆಗಳಿರುವ ಊರಿನಲ್ಲಿ. ಅಲ್ಲಿಂದ ರಾಜ್ಯ ರಾಜ್ಯ ದಾಟಿ ಕೊನೆಗೆ ರೇಸ್ ಕುದುರೆಗಳ ತನಕ ಬಂತು. ಗ್ಲ್ಯಾಂಡರ್ಸ್ ಕೂಡ ಹಾಗೆಯೇ. ಅದು ಮನುಷ್ಯರಿಗೂ ಅಂಟುವ ರೋಗ. ಲಸಿಕೆ ಇಲ್ಲ. ಸೋಂಕು ಖಚಿತವಾದರೆ ಕುದುರೆಯನ್ನು ಕೊಲ್ಲಲೇಬೇಕು. ಸುತ್ತಮುತ್ತ ಕುದುರೆಗಳ ಓಡಾಟ ನಿಲ್ಲಿಸುತ್ತಾರೆ.

ಈಗ ಜಟಕಾ ಓಡಿಸುವವನ ಜಾಗದಲ್ಲಿ ನಿಂತು ನೋಡಿ. ಕುದುರೆಯ ಮೂಗು ಸೋರುತ್ತಿದೆ, ಮೈಮೇಲೆ ಗಂಟು ಎದ್ದಿದೆ. ಡಾಕ್ಟರಿಗೆ ತೋರಿಸಿದರೆ ರಕ್ತ ತೆಗೆಯುತ್ತಾರೆ. ರೋಗ ಇದೆ ಅಂತಾದರೆ ಅನ್ನ ಕೊಡುವ ಪ್ರಾಣಿಯೇ ಹೋಗುತ್ತದೆ. ಪರಿಹಾರದಲ್ಲಿ ಹೊಸ ಕುದುರೆ ಬರುವುದಿಲ್ಲ. ಅವನು ತೋರಿಸುತ್ತಾನಾ? ರಾತ್ರೋರಾತ್ರಿ ಬೇರೆ ಊರಿಗೆ ಮಾರುತ್ತಾನೆ. ರೋಗ ಊರು ಬದಲಿಸುತ್ತದೆ. ದೇಶದ ಹೆಸರು ಪಟ್ಟಿಯ ಹೊರಗೇ ಉಳಿಯುತ್ತದೆ. ನಾನು ಅವನನ್ನು ಬೈಯಲಾರೆ.

ಆದ್ದರಿಂದ ನನ್ನ ಮೊದಲ ಬೇಡಿಕೆ ಕಿಟ್ಟಿಯ ಬಗ್ಗೆ ಅಲ್ಲ. ಮೈಸೂರಿನ ಟಾಂಗಾ ಕುದುರೆ, ಬೆಂಗಳೂರಿನ ಮದುವೆ ಕುದುರೆ, ಇಟ್ಟಿಗೆ ಗೂಡಿನ ಕತ್ತೆ, ಪ್ರತಿಯೊಂದಕ್ಕೂ ಮೈಕ್ರೋಚಿಪ್ ಹಾಕಿ, ಒಂದು ಗುರುತಿನ ಪುಸ್ತಕ ಕೊಡಿ. ವರ್ಷಕ್ಕೊಮ್ಮೆ ಉಚಿತವಾಗಿ ರಕ್ತ ಪರೀಕ್ಷೆ ಮಾಡಿಸಿ. ಪ್ರಾಣಿಯನ್ನು ಕೊಲ್ಲಬೇಕಾಗಿ ಬಂದರೆ ಅದರ ಮಾರುಕಟ್ಟೆ ಬೆಲೆಯನ್ನು ತಡಮಾಡದೆ ಮಾಲೀಕನ ಕೈಗೆ ಕೊಡಿ. ಇದು ಮನುಷ್ಯರ ಆರೋಗ್ಯದ ಖರ್ಚು ಅಂತಲೇ ಲೆಕ್ಕ ಬರೆದುಕೊಳ್ಳಿ.

ರಾಜ್ಯದ ಸಚಿವರಲ್ಲಿ ಒಂದು ವಿಶೇಷ ಮನವಿ. ಬೆಂಗಳೂರಿನಿಂದ 70 ಕಿಲೋಮೀಟರ್ ಆಚೆ ಕುಣಿಗಲ್ ಇದೆ. ಹೈದರ್, ಟಿಪ್ಪು ಕಾಲದಿಂದ ಕುದುರೆ ಸಾಕಿದ ಸ್ಟಡ್ ಫಾರ್ಮ್ ಅಲ್ಲಿದೆ. 400 ಎಕರೆಗೂ ಮೀರಿದ ಜಾಗ. ಅಲ್ಲಿ ಬಡಾವಣೆ ಮಾಡುವ ಮಾತು ಕೇಳಿಬಂದಿತ್ತು. ಬೇಡ. ಮೀರತ್ ಮಾದರಿಯ ರೋಗಮುಕ್ತ ಆವರಣವನ್ನು, ನಾಗರಿಕರ ಕುದುರೆಗೂ ಬಾಗಿಲು ತೆರೆದಿರುವಂಥದ್ದನ್ನು, ಅಲ್ಲಿ ಕಟ್ಟಬಾರದೇಕೆ? ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜಿದೆ, ಯಲಹಂಕದಲ್ಲಿ ಪ್ರಾಣಿರೋಗಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇದೆ, ದೇವನಹಳ್ಳಿಯಲ್ಲಿ ಸರಕು ವಿಮಾನ ಇಳಿಯುತ್ತದೆ. ಇಷ್ಟು ಅನುಕೂಲ ಒಂದೇ ಕಡೆ ಸಿಗುವ ಊರು ದೇಶದಲ್ಲಿ ಎಷ್ಟಿವೆ? ಚೀನಾದವರು 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆಂದು ಕೊಂಗ್ಹುವಾದಲ್ಲಿ ರೋಗಮುಕ್ತ ವಲಯ ಮಾಡಿದರು. ಆಟ ಮುಗಿದ ಮೇಲೆ ಅದನ್ನು ಪಾಳುಬಿಡಲಿಲ್ಲ. ಈಗ ಹಾಂಗ್‌ಕಾಂಗ್‌ನ ರೇಸ್ ಕುದುರೆಗಳು ಅಲ್ಲಿ ತರಬೇತಿ ಪಡೆದು ಗಡಿ ದಾಟಿ ಹೋಗಿ ಓಡಿ ಬರುತ್ತವೆ.

ಕೇಂದ್ರದ ಸಚಿವರಲ್ಲಿ ಕೇಳುವುದು ಇಷ್ಟು. ವ್ಯಾಪಾರಕ್ಕಲ್ಲದೆ ಸ್ವಂತ ಕುದುರೆಯನ್ನು ಕರೆದೊಯ್ಯುವವರಿಗೆ ಪ್ರತ್ಯೇಕ ಅರ್ಜಿ ಮಾಡಿ. ಯಾವ ದೇಶ ನಮ್ಮ ಕುದುರೆಯನ್ನು ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ, ಒಪ್ಪುವವರು ಯಾವ ಪರೀಕ್ಷೆ ಕೇಳುತ್ತಾರೆ ಅನ್ನುವುದನ್ನು ಒಂದು ಪುಟದಲ್ಲಿ, ಕನ್ನಡದಲ್ಲೂ, ಪ್ರಕಟಿಸಿ. ಒಪ್ಪದ ದೇಶಗಳ ಜೊತೆ ಮಾತುಕತೆ ಶುರು ಮಾಡಿ. ಮಾವಿನ ಹಣ್ಣಿಗೆ, ದಾಳಿಂಬೆಗೆ ದೇಶ ದೇಶದ ಬಾಗಿಲು ತಟ್ಟಿ ಒಪ್ಪಿಗೆ ತಂದದ್ದು ಇದೇ ಕೇಂದ್ರ ಸರ್ಕಾರ. ಕುದುರೆಗೂ ಒಮ್ಮೆ ತಟ್ಟಿ. ಇದಕ್ಕೆಲ್ಲ ವರ್ಷಗಳು ಹಿಡಿಯುತ್ತವೆ ಅಂತ ಗೊತ್ತು. ಆಗುವುದಿಲ್ಲ ಅನ್ನುವ ಉತ್ತರವಾದರೂ ಪರವಾಗಿಲ್ಲ, ಅದನ್ನು ಕಾಗದದ ಮೇಲೆ ಕೊಡಿ. ಜನ ಏಜೆಂಟ್‌ಗಳಿಗೆ ದುಡ್ಡು ಸುರಿಯುವುದು ತಪ್ಪುತ್ತದೆ.

ನಾನು ಮುಂದಿನ ತಿಂಗಳು ಹೊರಡುತ್ತೇನೆ. ಕಿಟ್ಟಿ ಹೆಸರಘಟ್ಟ ಕಡೆಯ ಗೆಳತಿಯೊಬ್ಬಳ ತೋಟದಲ್ಲಿ ಇರುತ್ತಾನೆ. ಅವನ ಖರ್ಚು ಅಲ್ಲಿಂದ ಕಳಿಸುತ್ತೇನೆ, ರಕ್ತ ಪರೀಕ್ಷೆಯನ್ನೂ ತಪ್ಪದೆ ಮಾಡಿಸುತ್ತೇನೆ. ಅವನಿಗೆ ಇನ್ನೂ ವಯಸ್ಸಿದೆ, ನೀವು ಈ ವರ್ಷ ಕೆಲಸ ಶುರು ಮಾಡಿದರೂ ಅವನು ಕಾಯಬಲ್ಲ. ಈ ಪತ್ರದ ಪ್ರತಿಯನ್ನು ಎರಡೂ ಇಲಾಖೆಗಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ. ನನ್ನ ವಿಳಾಸ ಅದರಲ್ಲಿದೆ. ಉತ್ತರವನ್ನು ಗೆಳತಿಯ ತೋಟಕ್ಕೂ ಒಂದು ಪ್ರತಿ ಕಳಿಸಿ. ಅಲ್ಲಿ ಓಟ ಮುಗಿಸಿ ಬಂದ ಇನ್ನೂ ಕೆಲವು ಕುದುರೆಗಳಿವೆ, ಅವುಗಳ ಮಾಲೀಕರೂ ಇದೇ ಪ್ರಶ್ನೆ ಹಿಡಿದು ಕೂತಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಕುದುರೆ ಸಾಕಿದವಳು